ಮಿಯೂರದ ಕರ್ತೃತ್ವ ವಿಚಾರ

ಕವಿರಾಜಮಾರ್ಗದ ಕರ್ತೃತ್ವವನ್ನು ಕುರಿತ ಪಾಠ ಕನ್ನಡ ಅಧ್ಯಾಪಕನಾದವನಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ವ್ರತದಂಥದು. ನೃಪತುಂಗನ ಪಕ್ಷದ ವಾದಗಳನ್ನು ಹಲಗೆಯ ಎಡಕ್ಕೆ ಬರೆದು, ಶ್ರೀವಿಜಯನ ಪಕ್ಷದವನ್ನು ಬಲಕ್ಕೆ ಬರೆದು, ಗಂಟೆ ಬಾರಿಸುವ ಹೊತ್ತಿಗೆ ಬಲಗಡೆಗೆ ಒಲಿದು ಮುಗಿಸುವುದು ನನ್ನ ವಾಡಿಕೆ. 2024ರ ಮಾರ್ಚ್ ತಿಂಗಳಲ್ಲಿ ಒಂದು ದಿನ ಹೀಗೆಯೇ ಪಾಠ ಮುಗಿಸಿ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಹಿಂದೆಯೇ ಬಂದ. ಅವನ ತಂದೆ ಊರಿನಲ್ಲಿ ಗ್ಯಾರೇಜು ಇಟ್ಟವರು. "ಸರ್, ಕಾರಿನ ವಿಷಯದಲ್ಲೂ ಇಂಥ ಜಗಳ ಉಂಟು, ಗೊತ್ತೆ?" ಎಂದು ಕೇಳಿ, ತನ್ನ ಮೊಬೈಲಿನಲ್ಲಿ ಒಂದು ಸುದ್ದಿಯನ್ನು ತೋರಿಸಿದ. ಮಾರ್ಚೆಲ್ಲೊ ಗಾಂದೀನಿ ಎಂಬ ಇಟಲಿಯ ಕಾರು ವಿನ್ಯಾಸಕಾರರು ಆ ತಿಂಗಳ 13ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಅವರ ಕೃತಿಗಳ ಪಟ್ಟಿಯಲ್ಲಿ ಮೊದಲ ಹೆಸರು ಲಂಬೋರ್ಗಿನಿ ಮಿಯೂರ. "ಆದರೆ ಮಿಯೂರ ಇವರದಲ್ಲ, ಇನ್ನೊಬ್ಬರದು ಎನ್ನುವವರೂ ಇದ್ದಾರೆ ಸರ್. ನಿಮ್ಮ ಶ್ರೀವಿಜಯನ ಹಾಗೆಯೇ" ಎಂದ.

ನಾನು ಕಾರಿನವನಲ್ಲ. ಹಳೆಯದೊಂದು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿಬರುವವನು. ಆದರೂ ಹುಡುಗನ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಸಾವಿರ ವರ್ಷದ ಹಿಂದಿನ ಗ್ರಂಥಕ್ಕೆ ಕರ್ತೃ ಯಾರೆಂದು ತಿಳಿಯದೆ ಹೋದರೆ ಅದು ಕಾಲದ ದೋಷವೆಂದು ಸಮಾಧಾನ ಹೇಳಿಕೊಳ್ಳಬಹುದು; ಓಲೆಗರಿ ಹುಳು ತಿಂದಿತು, ಲಿಪಿಕಾರ ತಪ್ಪಿದ ಎನ್ನಬಹುದು. ಆದರೆ ಛಾಯಾಚಿತ್ರ, ಸಂಬಳದ ಪುಸ್ತಕ, ವೃತ್ತಪತ್ರಿಕೆ ಎಲ್ಲವೂ ಇದ್ದ 1965ರಲ್ಲಿ, ಮಾಡಿದವರೆಲ್ಲರೂ ಬದುಕಿದ್ದು ಬಾಯಿಬಿಟ್ಟು ಮಾತಾಡಬಲ್ಲವರಾಗಿದ್ದಾಗ, ಒಂದು ವಸ್ತುವಿನ ಕರ್ತೃತ್ವ ಸಂದಿಗ್ಧವಾಯಿತೆಂದರೆ ದೋಷ ಓಲೆಗರಿಯದಲ್ಲ. ಅದು ನಾವು ಕೀರ್ತಿಯನ್ನು ಹಂಚುವ ಬಗೆಯಲ್ಲಿಯೇ ಇರಬೇಕು. ಈ ಅನುಮಾನದಿಂದಲೇ ಆ ಕಥೆಯನ್ನು ಓದತೊಡಗಿದೆ.

ಕಥೆಯ ಆರಂಭ ಟ್ರ್ಯಾಕ್ಟರಿನಲ್ಲಿದೆ. ಫೆರುಚ್ಚೊ ಲಂಬೋರ್ಗಿನಿ ಟ್ರ್ಯಾಕ್ಟರುಗಳನ್ನು ತಯಾರಿಸಿ ಹಣವಂತರಾದವರು. ಅವರು 1963ರಲ್ಲಿ ಬೊಲೊನ್ಯ ನಗರದ ಸಮೀಪದ ಸಾಂತಾಗತ ಎಂಬಲ್ಲಿ ಕಾರಿನ ಕಾರ್ಖಾನೆಯನ್ನು ತೆರೆದರು. ಫೆರಾರಿ ಸಂಸ್ಥೆಯಲ್ಲಿ ಹಿಂದೆ ದುಡಿದಿದ್ದ ಜಿಯೊತ್ತೊ ಬಿಟ್ಸಾರೀನಿ ಅವರಿಗೆ 12 ಸಿಲಿಂಡರಿನ ಎಂಜಿನೊಂದನ್ನು ರಚಿಸಿಕೊಟ್ಟರು. ಕಾರ್ಖಾನೆಯಲ್ಲಿದ್ದ ಮುಖ್ಯರು ಮೂವರು ತರುಣರು: ಎಂಜಿನಿಯರುಗಳಾದ ಜಾನ್‌ಪಾವೊಲೊ ದಲ್ಲಾರ ಮತ್ತು ಪಾವೊಲೊ ಸ್ಟಾಂಟ್ಸಾನಿ, ನ್ಯೂಜಿಲೆಂಡಿನಿಂದ ಬಂದಿದ್ದ ಪರೀಕ್ಷಾ ಚಾಲಕ ಬಾಬ್ ವಾಲೇಸ್. 1965ರ ಕೊನೆಯಲ್ಲಿ ಇವರಲ್ಲಿ ಯಾರಿಗೂ 30 ತುಂಬಿರಲಿಲ್ಲ. ಪಂದ್ಯದ ಕಾರುಗಳಲ್ಲಿ ಎಂಜಿನು ಚಾಲಕನ ಬೆನ್ನ ಹಿಂದೆ ಇರುವ ಪದ್ಧತಿ ಆಗ ಬಲಪಡುತ್ತಿತ್ತು. ಅಂಥ ಕಾರನ್ನೇ ಬೀದಿಯಲ್ಲಿ ಓಡಿಸುವಂತೆ ಮಾಡಬೇಕೆಂಬುದು ಈ ತರುಣರ ಹಂಬಲ. ಆದರೆ 12 ಸಿಲಿಂಡರಿನ ಉದ್ದನೆಯ ಎಂಜಿನನ್ನು ಆಸನಗಳ ಹಿಂದೆ ಉದ್ದಕ್ಕೆ ಇಟ್ಟರೆ ಕಾರು ರೈಲಿನ ಡಬ್ಬಿಯಾಗುತ್ತದೆ. ದಲ್ಲಾರ ಅದನ್ನು ಅಡ್ಡಲಾಗಿ ಮಲಗಿಸಿದರು; ಗೇರುಪೆಟ್ಟಿಗೆಯನ್ನೂ ಎಂಜಿನಿನ ಜೊತೆಗೆ ಒಂದೇ ಎರಕದಲ್ಲಿ ಸೇರಿಸಿದರು. ಈ ಉಪಾಯಕ್ಕೆ ಪ್ರೇರಣೆ 1959ರಲ್ಲಿ ಅಲೆಕ್ ಇಸಿಗೋನಿಸ್ ರಚಿಸಿದ ಪುಟ್ಟ ಮಿನಿ ಕಾರು. ಶ್ರೀಮಂತರ ಕಾರು ಬಡವರ ಕಾರಿನಿಂದ ಪಾಠ ಕಲಿತಿತ್ತು.

1965ರ ನವೆಂಬರಿನಲ್ಲಿ ಟ್ಯುರಿನ್ ನಗರದ ಪ್ರದರ್ಶನದಲ್ಲಿ ಲಂಬೋರ್ಗಿನಿ ತಮ್ಮ ಮಳಿಗೆಯಲ್ಲಿ ಇಟ್ಟದ್ದು ಕಾರನ್ನಲ್ಲ, ಮೈಯಿಲ್ಲದ ಚಾಸಿಯನ್ನು. ಭಾರ ತಗ್ಗಿಸಲು ಉಕ್ಕಿನ ಹಾಳೆಗಳಲ್ಲಿ ಸಾಲುಸಾಲಾಗಿ ತೂತು ಕೊರೆದ ಒಂದು ಅಸ್ಥಿಪಂಜರ, ಅದರ ನಡುವೆ ಅಡ್ಡ ಮಲಗಿದ ಎಂಜಿನು, ಇಷ್ಟೆ. ಜನ ಮುತ್ತಿಕೊಂಡು ನೋಡಿದರು. ಇದಕ್ಕೆ ಮೈ ತೊಡಿಸುವವರು ಯಾರು? ಹಿಂದೆ ಲಂಬೋರ್ಗಿನಿಗೆ ಕೆಲಸ ಮಾಡಿದ್ದ ಮಿಲಾನಿನ ಟೂರಿಂಗ್ ಸಂಸ್ಥೆ ಅವಸಾನದಲ್ಲಿತ್ತು. ಪಿನಿನ್ಫರೀನ ಫೆರಾರಿಯವರ ಆಪ್ತರು. ಉಳಿದವರು ನುಚ್ಚೊ ಬೆರ್ತೋನೆ. ಅವರು ಮಳಿಗೆಗೆ ಬಂದು, ಈ ಪಾದಕ್ಕೆ ಒಪ್ಪುವ ಜೋಡನ್ನು ಹೊಲಿಯಬಲ್ಲವನು ನಾನೊಬ್ಬನೆ ಎಂಬರ್ಥದ ಮಾತಾಡಿದರೆಂದು ಕಾರಿನ ಲೋಕದಲ್ಲಿ ಇಂದಿಗೂ ಹೇಳುತ್ತಾರೆ. ಮಾತು ನಿಜವಿರಲಿ ಬಿಡಲಿ, ಜೋಡು ಮಾತ್ರ ಸಿದ್ಧವಾಯಿತು. 1966ರ ಮಾರ್ಚಿನಲ್ಲಿ, ಎಂದರೆ ನಾಲ್ಕೇ ತಿಂಗಳಲ್ಲಿ, ಜಿನೀವ ಪ್ರದರ್ಶನದಲ್ಲಿ ಕಿತ್ತಳೆ ಬಣ್ಣದ ಕಾರು ನಿಂತಿತು. ಸ್ಪೇನಿನಲ್ಲಿ ಕಾಳಗದ ಗೂಳಿಗಳನ್ನು ಸಾಕುವ ಪ್ರಸಿದ್ಧ ಮನೆತನವೊಂದರ ಹೆಸರನ್ನು ಅದಕ್ಕೆ ಇಟ್ಟರು.

ಚಿತ್ರಗಳಲ್ಲಿ ನೋಡಿದರೂ ಆ ರೂಪ ಮನಸ್ಸನ್ನು ಹಿಡಿಯುತ್ತದೆ. ನೆಲದಿಂದ ನೆತ್ತಿಗೆ ಒಂದು ಮೀಟರಿಗಿಂತ ತುಸುವೇ ಹೆಚ್ಚು. ನಮ್ಮ ಎದೆಯ ಮಟ್ಟಕ್ಕೂ ಬಾರದು. ಮೂತಿಯಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಎಳೆದಂಥ ಗೆರೆ. ಮಲಗಿ ಆಕಾಶ ನೋಡುವ ದೀಪಗಳು, ಅವುಗಳ ಸುತ್ತ ರೆಪ್ಪೆಗೂದಲಿನಂಥ ಕರಿಯ ಪಟ್ಟಿಗಳು. ಹಿಂದುಗಡೆ ಎಂಜಿನಿನ ಮೇಲೆ ಗಾಜಿನ ಬದಲು ಅಡ್ಡಪಟ್ಟಿಗಳ ಜಾಲಂಧ್ರ. ಎರಡು ಬಾಗಿಲನ್ನೂ ತೆರೆದು ಎದುರಿನಿಂದ ನೋಡಿದರೆ ಗೂಳಿಯ ಕೊಂಬು. 1973ರವರೆಗೆ ತಯಾರಾದ ಮಿಯೂರಗಳು ಸುಮಾರು 760 ಮಾತ್ರ. ಆದರೂ ಅಂದಿನಿಂದ ಇಂದಿನವರೆಗೆ ಸುಂದರವಾದ ಕಾರುಗಳ ಮಾತು ಬಂದಾಗ ಈ ಹೆಸರು ಬಾರದೆ ಇಲ್ಲ.

ಇನ್ನು ಕರ್ತೃತ್ವದ ಪ್ರಶ್ನೆ. ಬೆರ್ತೋನೆ ಸಂಸ್ಥೆಯಲ್ಲಿ 1959ರಿಂದ ವಿನ್ಯಾಸದ ಮುಖ್ಯಸ್ಥರಾಗಿದ್ದವರು ಜೊರ್ಜೆತ್ತೊ ಜುಜಾರೊ. ಗೋಡೆಚಿತ್ರ ಬರೆಯುವವರ ಮನೆತನದಲ್ಲಿ ಹುಟ್ಟಿದವರು. ಅವರು 1965ರಲ್ಲಿ ಬೆರ್ತೋನೆಯನ್ನು ಬಿಟ್ಟು ಗಿಯ ಎಂಬ ಇನ್ನೊಂದು ಸಂಸ್ಥೆಗೆ ಹೋದರು. ತೆರವಾದ ಸ್ಥಾನಕ್ಕೆ ಅದೇ ವರ್ಷದ ಕೊನೆಯಲ್ಲಿ ಬಂದವರು ಗಾಂದೀನಿ. ಟ್ಯುರಿನ್ನಿನ ವಾದ್ಯವೃಂದ ನಿರ್ದೇಶಕರೊಬ್ಬರ ಮಗ. ವಿಧಿಯ ಚಮತ್ಕಾರವೆಂದರೆ ಇಬ್ಬರೂ 1938ರ ಆಗಸ್ಟ್ ತಿಂಗಳಲ್ಲಿ ಹುಟ್ಟಿದವರು. ಒಬ್ಬರು 7ರಂದು, ಇನ್ನೊಬ್ಬರು 26ರಂದು. ಗಾಂದೀನಿಯವರು ಎರಡು ವರ್ಷ ಮೊದಲೇ ಕೆಲಸ ಕೇಳಿ ಬಂದಿದ್ದರೆಂದೂ ಆಗ ಜುಜಾರೊ ಒಪ್ಪಲಿಲ್ಲವೆಂದೂ ಒಂದು ವೃತ್ತಾಂತ ಪ್ರಚಲಿತವಾಗಿದೆ. ಹೀಗೆ ಒಬ್ಬರು ಹೊರಗೆ ಹೋದ, ಇನ್ನೊಬ್ಬರು ಒಳಗೆ ಬಂದ ಬಾಗಿಲಿನ ಹೊಸ್ತಿಲ ಮೇಲೆಯೇ ಮಿಯೂರ ಹುಟ್ಟಿತು. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಲಗ್ನ ಬೇಕೆ?

ಲಂಬೋರ್ಗಿನಿ ಸಂಸ್ಥೆ ಕೀರ್ತಿಯನ್ನು ಗಾಂದೀನಿಯವರಿಗೇ ಕೊಟ್ಟಿದೆ. ಅವರೂ ಅದು ತಮ್ಮ ಕೃತಿಯೆಂದೇ ಹೇಳಿದರು. ಹಲವು ವರ್ಷಗಳ ಅನಂತರ ಜುಜಾರೊ ಅವರು, ಮಿಯೂರದ ರೂಪ ತಾವು ಬೆರ್ತೋನೆಯಲ್ಲಿ ಬಿಟ್ಟುಬಂದ ರೇಖಾಚಿತ್ರಗಳಲ್ಲಿ ಆಗಲೇ ಬಹುಮಟ್ಟಿಗೆ ಇತ್ತೆಂಬ ಅರ್ಥ ಬರುವಂತೆ ಮಾತಾಡಿದರು. ಅಲ್ಲಿಂದ ಎರಡು ಪಕ್ಷಗಳಾದವು. ನಮ್ಮ ತರಗತಿಯ ಹಲಗೆಯ ಹಾಗೆ ಇದನ್ನೂ ಎರಡು ಭಾಗ ಮಾಡಿ ನೋಡೋಣ.

ಬಾಹ್ಯ ಪ್ರಮಾಣ ಮೊದಲು. ಚಾಸಿ ಜನರ ಮುಂದೆ ಬಂದದ್ದು 1965ರ ನವೆಂಬರಿನಲ್ಲಿ. ಮೈ ತೊಡಿಸುವ ಕೆಲಸ ನಡೆದದ್ದು ಆ ಬಳಿಕದ ಚಳಿಗಾಲದಲ್ಲಿ. ಆಗ ಬೆರ್ತೋನೆಯ ವಿನ್ಯಾಸದ ಮೇಜಿನಲ್ಲಿ ಕೂತಿದ್ದವರು ಗಾಂದೀನಿ. ಈ ಚಾಸಿಯ ಅಳತೆಗಳಿಗೆ, ಈ ಚಕ್ರಗಳ ಅಂತರಕ್ಕೆ, ಅಡ್ಡ ಮಲಗಿದ ಈ ಎಂಜಿನಿನ ಉಬ್ಬಿಗೆ ಸರಿಹೊಂದುವ ಮೈಯನ್ನು, ಇವು ಗೊತ್ತಾಗುವುದಕ್ಕೆ ಮುಂಚೆ ಯಾರೂ ಬರೆದಿರಲಾರರು. ಇದು ಗಾಂದೀನಿ ಪಕ್ಷದ ಗಟ್ಟಿಯಾದ ಕಂಬ. ಆದರೆ ಇದೇ ಕಂಬವನ್ನು ಎದುರು ಪಕ್ಷವೂ ಹಿಡಿದುಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, 27 ವರ್ಷದ ತರುಣ, ನಾಲ್ಕೇ ತಿಂಗಳಲ್ಲಿ ಶೂನ್ಯದಿಂದ ಇಂಥ ರೂಪವನ್ನು ತೆಗೆದನೆ? ಮೇಜಿನ ಸೆಳೆಖಾನೆಯಲ್ಲಿ ಏನೂ ಇರಲಿಲ್ಲವೆ?

ಆಂತರಿಕ ಪ್ರಮಾಣ ಇನ್ನೂ ಸ್ವಾರಸ್ಯವಾದುದು. ಜುಜಾರೊ ಬೆರ್ತೋನೆಯಲ್ಲಿದ್ದಾಗ ರಚಿಸಿದ 1963ರ ಟೆಸ್ಟುಡೊ ಎಂಬ ಪ್ರದರ್ಶನದ ಕಾರಿನಲ್ಲಿಯೂ 1964ರ ಕಂಗೂರೊ ಎಂಬುದರಲ್ಲಿಯೂ ಮಿಯೂರದ ಮೈಮಾಟದ ಮುನ್ಸೂಚನೆ ಕಾಣುತ್ತದೆ. ಮಿಯೂರದ ದೀಪಗಳನ್ನಂತೂ ಫಿಯಟ್ 850 ಸ್ಪೈಡರ್ ಎಂಬ ಚಿಕ್ಕ ಕಾರಿನಿಂದ ತೆಗೆದುಕೊಂಡದ್ದು. ಆ ಕಾರೂ ಬೆರ್ತೋನೆಯಲ್ಲಿ ಜುಜಾರೊ ಮಾಡಿದ್ದೇ. ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಗಾಂದೀನಿ ಮುಂದೆ ಪ್ರಸಿದ್ಧರಾದದ್ದು ಬಳಕುವ ಗೆರೆಯಿಂದಲ್ಲ, ಕೊಡಲಿಯಿಂದ ಕಡಿದಂಥ ಚೂಪು ಕೋನಗಳಿಂದ. 1968ರ ಕರಾಬೊ, 1970ರ ಸ್ಟ್ರಾಟೋಸ್ ಝೀರೊ, 1971ರ ಕೌಂಟಾಷ್, ಇವುಗಳ ಸಾಲಿನಲ್ಲಿ ಮಿಯೂರವನ್ನು ನಿಲ್ಲಿಸಿದರೆ ಒಂದೇ ಕೈ ಎಂದು ಹೇಳುವುದು ಕಷ್ಟ. ಶೈಲಿಯನ್ನು ಮಾತ್ರ ನೋಡುವ ವಿಮರ್ಶಕ ಮಿಯೂರವನ್ನು ಜುಜಾರೊ ಅವರ ಖಾತೆಗೆ ಬರೆದುಬಿಡುತ್ತಾನೆ.

ಇಲ್ಲಿಯೇ ನಮ್ಮ ವೃತ್ತಿಯ ಅನುಭವ ಎಚ್ಚರಿಕೆ ಹೇಳುತ್ತದೆ. ಶೈಲಿ ಒಬ್ಬನ ಸ್ವಂತ ಆಸ್ತಿಯೆಂದು ಭಾವಿಸುವುದು ಇತ್ತೀಚಿನ ರೂಢಿ. ಯಾವ ಕವಿಯಾದರೂ ಮೊದಲ ಕೃತಿಯಲ್ಲಿ ತನ್ನ ದನಿಗಿಂತ ಹೆಚ್ಚಾಗಿ ತನ್ನ ಕಾಲದ, ತನ್ನ ಗುರುಮನೆಯ ದನಿಯಲ್ಲಿಯೇ ಹಾಡುತ್ತಾನೆ. ಬೆರ್ತೋನೆ ಒಂದು ಗುರುಮನೆ. ಅಲ್ಲಿಗೆ ಬಂದ ಹೊಸಬ ಮನೆಯ ಮಾತನ್ನು ಆಡದೆ ಬೇರೇನು ಆಡಿಯಾನು? ಮಿಯೂರದ ನುಡಿ ಜುಜಾರೊ ಅವರದು ಎಂದು ಒಪ್ಪಿದರೂ ಆ ನುಡಿಯಲ್ಲಿ ಆಡಿದ ಮಾತು ಅವರದೇ ಎಂದಾಗುವುದಿಲ್ಲ. ಪಂಪ ಬಳಸಿದ ಚಂಪೂಮಾರ್ಗವನ್ನು ಬಳಸಿದವರೆಲ್ಲರ ಕಾವ್ಯವೂ ಪಂಪನದಾಗುವುದಿಲ್ಲವಷ್ಟೆ.

ಆದರೆ ಈ ಇಬ್ಬರ ವ್ಯಾಜ್ಯವನ್ನು ನೋಡುತ್ತ ನಾವು ಮೂರನೆಯ ಹೆಸರನ್ನು ಮರೆಯುತ್ತೇವೆ. ಮಿಯೂರದ ಮೈಮೇಲೆ ಬರೆದಿರುವ ಹೆಸರು ಗಾಂದೀನಿಯದೂ ಅಲ್ಲ, ಜುಜಾರೊದೂ ಅಲ್ಲ, ಅದು ಬೆರ್ತೋನೆಯದು. ಅಂದಿನ ಇಟಲಿಯಲ್ಲಿ ಕಾರಿಗೆ ಮೈ ಕಟ್ಟುವ ಮನೆಗಳ ಪದ್ಧತಿ ಅದು. ಚಿತ್ರ ಬರೆದವನು ಸಂಬಳಗಾರ, ಮುದ್ರೆ ಯಜಮಾನನದು. ನುಚ್ಚೊ ಬೆರ್ತೋನೆ ಪ್ರತಿಭೆಯನ್ನು ಕಂಡುಹಿಡಿದು ಕೂರಿಸುವುದರಲ್ಲಿ ಅಸಾಧಾರಣರು. ಫ್ರಾಂಕೊ ಸ್ಕಾಲ್ಯೋನೆ, ಜುಜಾರೊ, ಗಾಂದೀನಿ, ಮೂವರೂ ಒಬ್ಬರಾದ ಮೇಲೊಬ್ಬರು ಅವರ ಆಶ್ರಯದಲ್ಲಿ ಬೆಳೆದವರು. ಇದನ್ನು ಓದುವಾಗ ನನಗೆ ನೃಪತುಂಗನ ನೆನಪು ಬಾರದಿರಲಿಲ್ಲ. ರಾಜನಿಗೆ ಸಮ್ಮತವಾದ ಗ್ರಂಥ ರಾಜನೇ ಬರೆದದ್ದೆಂದು ಬಹುಕಾಲ ನಂಬಿದ್ದೆವು. ಸಮ್ಮತಿ ಕೊಡುವುದು ಸಣ್ಣ ಕೆಲಸವಲ್ಲ, ಆಶ್ರಯವಿಲ್ಲದೆ ಗ್ರಂಥವಿಲ್ಲ. ಆದರೂ ಸಮ್ಮತಿಸಿದವನು ಬೇರೆ, ಬರೆದವನು ಬೇರೆ. ಇದನ್ನು ಬಿಡಿಸಿ ಹೇಳುವುದಕ್ಕೆ ಕನ್ನಡದ ವಿದ್ವಾಂಸರಿಗೆ ಎಷ್ಟೋ ವರ್ಷಗಳ ವಾದ ಬೇಕಾಯಿತು.

ನಾಲ್ಕನೆಯ ಹೆಸರು ದಲ್ಲಾರ. ಕಾರಿನ ಚೆಲುವು ಮೈಯ ಗೆರೆಯಲ್ಲಿದೆಯೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಅರ್ಧಕ್ಕರ್ಧ ಪ್ರಮಾಣದಲ್ಲಿದೆ. ಚಕ್ರ ಎಲ್ಲಿ, ಆಸನ ಎಲ್ಲಿ, ಮೂತಿ ಎಷ್ಟು ತಗ್ಗಬಹುದು, ಇದನ್ನು ಗೊತ್ತುಮಾಡಿದ್ದು ಎಂಜಿನನ್ನು ಅಡ್ಡ ಮಲಗಿಸಿದ ಆ ಒಂದು ನಿರ್ಧಾರ. ಎಂಜಿನು ಹಿಂದಕ್ಕೆ ಹೋದದ್ದರಿಂದ ಮುಂಭಾಗ ತಗ್ಗಿತು. ಅಡ್ಡ ಮಲಗಿದ್ದರಿಂದ ಹಿಂಭಾಗ ಮೊಟಕಾಯಿತು. ಮೂಳೆ ಚೆನ್ನಾಗಿದ್ದರೆ ಮುಖಕ್ಕೆ ಮುಪ್ಪಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದರು. ಮಿಯೂರದ ಮೂಳೆ ದಲ್ಲಾರ ಅವರದು.

ಐದನೆಯವರಿಗೆ ಹೆಸರೇ ಇಲ್ಲ. ಕಾಗದದ ಚಿತ್ರವನ್ನು ನಿಜದ ಅಳತೆಗೆ ಹಿಗ್ಗಿಸಿದವರು, ಮರದ ಅಚ್ಚನ್ನು ಕೆತ್ತಿದವರು, ಲೋಹದ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಬಾಗಿಸಿದವರು. ಗೆರೆ ಎಲ್ಲಿ ಒಂದು ಕೂದಲೆಳೆಯಷ್ಟು ಉಬ್ಬಬೇಕೆಂಬುದನ್ನು ಕಣ್ಣಿನಿಂದಲ್ಲ, ಅಂಗೈಯಿಂದ ತಿಳಿದವರು ಇವರು. ನಾಲ್ಕು ತಿಂಗಳ ಪವಾಡವನ್ನು ಮಾಡಿದವರು ಇವರಲ್ಲದೆ ಬೇರಾರು? ನಮ್ಮ ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರುಗಳನ್ನು ಸ್ಪಷ್ಟವಾಗಿ ಕೊರೆದಿದ್ದಾರೆ. ಆದರೂ ಜನ ಆ ಶಿಲ್ಪವನ್ನೆಲ್ಲ ಜಕಣಾಚಾರಿ ಎಂಬ ಐತಿಹ್ಯದ ಒಂದೇ ಹೆಸರಿಗೆ ಕಟ್ಟಿಬಿಟ್ಟರು. ಹೆಸರು ಕೊರೆದವರಿಗೇ ಈ ಗತಿಯಾದರೆ ಕೊರೆಯದವರ ಪಾಡೇನು? ಜನಮನಕ್ಕೆ ಒಬ್ಬನೇ ಬೇಕು. ಹತ್ತು ಹೆಸರನ್ನು ನೆನಪಿಡುವ ಶ್ರಮಕ್ಕಿಂತ ಒಬ್ಬ ಅಮರಶಿಲ್ಪಿಯನ್ನು ಕಲ್ಪಿಸಿಕೊಳ್ಳುವುದು ಸುಲಭ.

ಒಬ್ಬನೇ ಬೇಕೆಂಬ ಈ ಹಟ ಎಂಥ ಅನ್ಯಾಯಕ್ಕೆ ಎಡೆಗೊಡುತ್ತದೆಂಬುದಕ್ಕೆ ಮಿಯೂರದ ಸಮಕಾಲೀನವಾದ ಇನ್ನೊಂದು ಕಾರು ನಿದರ್ಶನ. 1969ರಲ್ಲಿ ಜಪಾನಿನ ನಿಸಾನ್ ಸಂಸ್ಥೆ ಹೊರತಂದ ಡಾಟ್ಸನ್ 240ಝಡ್ ಅಮೆರಿಕದಲ್ಲಿ ಭಾರಿ ಜನಪ್ರಿಯವಾಯಿತು. ಅದನ್ನು ರಚಿಸಿದವರು ಆಲ್ಬ್ರೆಖ್ಟ್ ಗೋರ್ಟ್ಸ್ ಎಂದು ಪತ್ರಿಕೆಗಳು ಬಹುಕಾಲ ಬರೆದವು. ಗೋರ್ಟ್ಸ್ ಜರ್ಮನಿಯ ಕುಲೀನ ಮನೆತನದವರು. 1950ರ ದಶಕದಲ್ಲಿ ಬಿಎಂಡಬ್ಲ್ಯು 507 ಎಂಬ ಸುಂದರ ಕಾರನ್ನು ರಚಿಸಿ ಹೆಸರಾಗಿದ್ದವರು. 1960ರ ದಶಕದ ನಡುವೆ ನಿಸಾನಿಗೆ ಸಲಹೆಗಾರರೂ ಆಗಿದ್ದರು. ಆದರೆ ಕಾರು ರೂಪುಗೊಂಡದ್ದು ಯೋಶಿಹಿಕೊ ಮಾತ್ಸುವೊ ಅವರ ನೇತೃತ್ವದ ಜಪಾನೀ ತಂಡದ ಕೈಯಲ್ಲಿ. 1980ರಲ್ಲಿ ಸಂಸ್ಥೆ ಗೋರ್ಟ್ಸ್ ಅವರಿಗೆ ಬರೆದ ಪತ್ರದಲ್ಲಿ, ಅವರು ಆ ಕಾರಿನ ವಿನ್ಯಾಸಕಾರರಲ್ಲವೆಂದೂ, ತಂಡದವರ ಮೇಲೆ ಅವರ ಪ್ರಭಾವ ಇದ್ದುದು ನಿಜವೆಂದೂ ತಿಳಿಸಿತು. ಎಚ್ಚರಿಕೆಯ ಮಾತು, ಆದರೆ ತಡವಾದ ಮಾತು. ಸಂಸ್ಥೆಗಳು ತಮ್ಮ ನೌಕರರ ಹೆಸರನ್ನು ಹೇಳದೆ ಸುಮ್ಮನಿದ್ದಾಗ, ಆ ಬರಿದಾದ ಜಾಗದಲ್ಲಿ ಪ್ರಸಿದ್ಧವಾದ ಹೆಸರು ತಾನಾಗಿಯೇ ಬಂದು ಕೂರುತ್ತದೆ. ಐರೋಪ್ಯನ ಹೆಸರಾದರೆ ಇನ್ನೂ ಬೇಗ ಕೂರುತ್ತದೆ. ಹಳ್ಳ ಇದ್ದ ಕಡೆ ನೀರು ನಿಲ್ಲುವಂತೆ.

ಹಾಗಾದರೆ ಮಿಯೂರ ಯಾರದು? ಎಲ್ಲರದೂ ಎಂದು ಕೈತೊಳೆದುಕೊಳ್ಳುವುದು ಔದಾರ್ಯದಂತೆ ಕಾಣುತ್ತದೆ. ಆದರೆ ಅದು ನುಣುಚಿಕೊಳ್ಳುವ ದಾರಿ. ಎಲ್ಲರದೂ ಎಂದಾಗ ಯಾರದೂ ಅಲ್ಲವೆಂದಾಗುತ್ತದೆ, ಕಡೆಗೆ ಮುದ್ರೆ ಇದ್ದವನದೇ ಆಗುತ್ತದೆ. ನನ್ನ ನಿರ್ಣಯ ಹೀಗೆ: ನುಡಿ ಜುಜಾರೊ ಅವರದು, ಮೂಳೆ ದಲ್ಲಾರ ಮತ್ತು ಅವರ ಗೆಳೆಯರದು, ಆಶ್ರಯ ಬೆರ್ತೋನೆಯದು, ಕೈಗಳು ಹೆಸರಿಲ್ಲದವರವು. ಕೃತಿ ಗಾಂದೀನಿಯದು. ಏಕೆಂದರೆ ಕೃತಿ ಎಂದರೆ ಸಾಧ್ಯತೆಗಳ ರಾಶಿಯಲ್ಲ. ಇದು ಇರಲಿ, ಅದು ಬೇಡ ಎಂಬ ಕೊನೆಯ ಆಯ್ಕೆಗಳ ಮೊತ್ತ. ಆ ಚಳಿಗಾಲದಲ್ಲಿ ಈ ಚಾಸಿಯ ಎದುರು ಕೂತು ಆಯ್ದವರು, ತಪ್ಪಿದ್ದರೆ ಬೈಸಿಕೊಳ್ಳಬೇಕಾಗಿದ್ದವರು ಅವರು. ಸೋಲಿನ ಹೊಣೆ ಯಾರದಾಗುತ್ತಿತ್ತೋ ಗೆಲುವಿನ ಕೀರ್ತಿಯೂ ಅವರದು. ಈ ಅಳತೆಗೋಲು ಪೂರ್ಣವೆಂದು ನಾನು ಹೇಳೆ. ಆದರೆ ಇದಕ್ಕಿಂತ ನ್ಯಾಯವಾದುದು ನನಗೆ ದೊರೆತಿಲ್ಲ.

ಹೊಣೆಯ ಈ ಮಾತನ್ನು ಗಾಂದೀನಿಯವರೇ ಮತ್ತೊಂದು ರೀತಿಯಲ್ಲಿ ತೋರಿಸಿಕೊಟ್ಟರು. 2021ರಲ್ಲಿ ಲಂಬೋರ್ಗಿನಿ ಸಂಸ್ಥೆ ತನ್ನ ಹಳೆಯ ಕೌಂಟಾಷ್ ಕಾರಿನ ಹೆಸರಿನಲ್ಲಿ, ಅದರ ರೂಪವನ್ನು ನೆನಪಿಸುವ ಹೊಸ ಕಾರೊಂದನ್ನು ಹೊರತಂದಿತು. ಪ್ರಚಾರದಲ್ಲಿ ಅವರ ಹೆಸರೂ ಮುಖವೂ ಬಂದವು. 83 ವರ್ಷದ ಗಾಂದೀನಿ ಆಗ ಬಹಿರಂಗವಾಗಿ, ಈ ಹೊಸ ಕಾರಿನಲ್ಲಿ ತಮ್ಮ ಪಾಲಿಲ್ಲವೆಂದೂ, ಹಳೆಯದನ್ನೇ ಮತ್ತೆ ಮಾಡುವುದು ತಾವು ನಂಬಿದ ತತ್ತ್ವಕ್ಕೆ ವಿರುದ್ಧವೆಂದೂ ತಿಳಿಸಿದರು. ತನ್ನದಕ್ಕೆ ತನ್ನ ಹೆಸರಿಲ್ಲವೆಂದು ಕೂಗುವವರು ಲೋಕದಲ್ಲಿ ಬಹಳ. ತನ್ನದಲ್ಲದ್ದಕ್ಕೆ ತನ್ನ ಹೆಸರು ಬೇಡ ಎನ್ನುವವರು ವಿರಳ. ಅಂಥವರ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಕೊಡುವುದು ನ್ಯಾಯವೆಂದು ತೋರುತ್ತದೆ. ಸಾವಿರಾರು ಜನರ ಚಿತ್ರಗಳನ್ನೂ ಬರಹಗಳನ್ನೂ ನುಂಗಿದ ಯಂತ್ರಗಳು ಕ್ಷಣಮಾತ್ರದಲ್ಲಿ ಹೊಸ ಚಿತ್ರ, ಹೊಸ ಬರಹ ಹೆಣೆದುಕೊಡುವ ಈ ದಿನಗಳಲ್ಲಿ, ಯಾವುದು ಯಾರದೆಂದು ಬಿಡಿಸಿ ಹೇಳುವ ಶೀಲ ನಮಗೆ ಇನ್ನಷ್ಟು ಬೇಕಾಗಿದೆ.

ಇಷ್ಟು ಬರೆದ ಮೇಲೆ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಎಂ.ಎ. ಮುಗಿಸಿದ ಹೊಸದರಲ್ಲಿ ಹಿರಿಯರೊಬ್ಬರಿಗಾಗಿ ಎರಡು ವರ್ಷ ಓಲೆಗರಿಗಳ ಪಾಠಾಂತರಗಳನ್ನು ಗುರುತು ಹಾಕಿಕೊಟ್ಟೆ. ಗ್ರಂಥ ಅಚ್ಚಾಗಿ ಬಂದಾಗ ನನ್ನ ಹೆಸರು ಮುನ್ನುಡಿಯ ಕೊನೆಯಲ್ಲಿ, ಕರಡು ತಿದ್ದಿದವರ ನಡುವೆ ಇತ್ತು. ಆ ನೋವನ್ನು ಬಹಳ ದಿನ ಸಾಕಿಕೊಂಡಿದ್ದೆ. ಮಿಯೂರದ ಕಥೆಯನ್ನು ಓದುತ್ತಿದ್ದ ದಿನಗಳಲ್ಲಿ ನನ್ನದೇ ಒಂದು ಪುಸ್ತಕವನ್ನು ಕಪಾಟಿನಿಂದ ತೆಗೆದು ನೋಡಿದೆ. ಅದರ ಮೂರನೆಯ ಅಧ್ಯಾಯದ ಮುಖ್ಯವಾದ ಹೊಳಹು ನನ್ನದಲ್ಲ. ಅದು ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದಲ್ಲಿ ಅರ್ಧ ಪುಟದಷ್ಟು ಬರೆದಿದ್ದ ಮಾತು. ನಾನು ಅದನ್ನು ಬೆಳೆಸಿದೆ, ನಿಜ. ಆಧಾರಗಳನ್ನು ಕಲೆಹಾಕಿದೆ, ನಿಜ. ಆದರೆ ಅಕ್ನಾಲೆಜ್‌ಮೆಂಟು ಎಂದು ನಾವು ಕರೆಯುವ ಆ ಪುಟದಲ್ಲಿ ಮುದ್ರಣಾಲಯದವರ ಹೆಸರಿದೆ, ಅವಳದಿಲ್ಲ. ಬೇಕೆಂದು ಬಿಟ್ಟದ್ದಲ್ಲ. ನೆನಪಾಗಲಿಲ್ಲ. ನನ್ನ ಹಿರಿಯರಿಗೂ ಬಹುಶಃ ಹೀಗೆಯೇ ನೆನಪಾಗದೆ ಹೋಗಿರಬಹುದು.

ಆಕೆ ಈಗ ದೂರದ ಊರೊಂದರಲ್ಲಿ ಪ್ರೌಢಶಾಲೆಯ ಅಧ್ಯಾಪಕಿ. ಕಾಗದ ಬರೆದಿದ್ದೇನೆ. ಪುಸ್ತಕದ ಎರಡನೆಯ ಮುದ್ರಣಕ್ಕೆ ಪ್ರಕಾಶಕರು ಕರಡು ಕಳಿಸಿದ್ದಾರೆ. ಮೂರನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿಯೇ ಅವಳ ಹೆಸರನ್ನು ಸೇರಿಸಿ ಹಿಂದಿರುಗಿಸಿದೆ. ಗ್ಯಾರೇಜಿನವರ ಮಗನಿಗೂ ಇದನ್ನು ತಿಳಿಸಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಲೇಖನ ನನ್ನ ಪ್ರಶ್ನೆಯಿಂದ ಹುಟ್ಟಿದ್ದು ಸರ್, ಅದನ್ನೂ ಬರೆಯಿರಿ" ಎಂದ. ಬರೆದಿದ್ದೇನೆ. ಹೆಸರು ಮಾತ್ರ ಬೇಡವೆಂದು ಅವನೇ ಹೇಳಿದ.